ವಾಲಂಟರಿ ಡಿಡಕ್ಟಿಬಲ್ 5,000 ರೂಪಾಯಿ: ಆರು ವರ್ಷ ಇಟ್ಟುಕೊಂಡ ಮೇಲೆ

ಗಾಡಿ 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್, ಮೈಸೂರು ರಿಜಿಸ್ಟ್ರೇಷನ್. ಹೊಸದು ತಗೊಂಡಾಗಿನಿಂದ ಅದರ ಇನ್ಶೂರೆನ್ಸ್ ಪಾಲಿಸಿಯಲ್ಲಿ 5,000 ರೂಪಾಯಿಯ ವಾಲಂಟರಿ ಡಿಡಕ್ಟಿಬಲ್ ಇಟ್ಟುಕೊಂಡಿದ್ದೆ. ಅಂದರೆ ಕ್ಲೇಮ್ ಆದಾಗ ಮೊದಲ 5,000 ನಾನು ಕೊಡುತ್ತೇನೆ, ಅದಕ್ಕೆ ಬದಲಾಗಿ ಪ್ರೀಮಿಯಂ ಕಮ್ಮಿ ಮಾಡಿ ಅಂತ ಕಂಪನಿ ಜೊತೆ ಒಪ್ಪಂದ. ಇದಲ್ಲದೆ ಕಡ್ಡಾಯದ ಡಿಡಕ್ಟಿಬಲ್ ಒಂದು ಇದ್ದೇ ಇರುತ್ತದೆ. 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಗ್ಯಾರೇಜಿನವರು ಇದನ್ನೇ ಫೈಲ್ ಚಾರ್ಜ್ ಅಂತಾರೆ.

ಡಿಸ್ಕೌಂಟ್ ಎಷ್ಟು ಸಿಗುತ್ತದೆ? ಹಳೆಯ ಮೋಟಾರ್ ಟ್ಯಾರಿಫ್ (ದರಪಟ್ಟಿ) ಪ್ರಕಾರ 2,500ಕ್ಕೆ 20%, 5,000ಕ್ಕೆ 25%, 7,500ಕ್ಕೆ 30%, 15,000ಕ್ಕೆ 35%. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಇದು ಓನ್ ಡ್ಯಾಮೇಜ್ ಭಾಗಕ್ಕೆ, ಅಂದರೆ ನಮ್ಮದೇ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂಗೆ ಮಾತ್ರ. ಬೇರೆಯವರಿಗೆ ಆಗುವ ಹಾನಿಯ ಥರ್ಡ್ ಪಾರ್ಟಿ ಪ್ರೀಮಿಯಂ ಒಂದು ರೂಪಾಯಿಯೂ ಇಳಿಯುವುದಿಲ್ಲ. ಮೇಲಾಗಿ ರೂಪಾಯಿ ಲೆಕ್ಕದಲ್ಲಿ ಮಿತಿ ಇದೆ: ಕ್ರಮವಾಗಿ 750, 1,500, 2,000, 2,500. ಈಗ ಕಂಪನಿಗಳು ತಮ್ಮದೇ ದರ ಹಾಕುತ್ತವೆ, ನನ್ನ ಪಾಲಿಸಿಯಲ್ಲಿ ಮಾತ್ರ ಲೆಕ್ಕ ಹೀಗೇ ಇತ್ತು.

ಓನ್ ಡ್ಯಾಮೇಜ್ ಪ್ರೀಮಿಯಂ 6,000 ಅಂತ ಇಟ್ಟುಕೊಳ್ಳಿ. 5,000 ಡಿಡಕ್ಟಿಬಲ್‌ಗೆ 1,500 ಉಳಿಯುತ್ತದೆ. 15,000ಕ್ಕೆ ಹೋದರೆ 2,100. ಬರೀ 600 ರೂಪಾಯಿ ಜಾಸ್ತಿ ಉಳಿಸಲು ಇನ್ನೂ 10,000ದ ಹೊರೆ ತಲೆ ಮೇಲೆ ಹಾಕಿಕೊಂಡ ಹಾಗೆ. ಮಾಮೂಲಿ ಹ್ಯಾಚ್‌ಬ್ಯಾಕ್ ಇಟ್ಟುಕೊಂಡವರಿಗೆ 15,000 ಯಾವ ಕೋನದಿಂದಲೂ ಸರಿ ಕಾಣುವುದಿಲ್ಲ.

ಇನ್ನು ಪಾಲಿಸಿ ಶೆಡ್ಯೂಲ್ ತೆಗೆದು ಸಾಲು ಸಾಲು ಓದಿ. ನನ್ನದರಲ್ಲಿ ಮೊದಲು ಡಿಡಕ್ಟಿಬಲ್‌ನ ಡಿಸ್ಕೌಂಟ್ ಕಳೆದು, ಉಳಿದದ್ದರ ಮೇಲೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಹಾಕುತ್ತಾರೆ. ಬೋನಸ್ ಸೊನ್ನೆ ಇದ್ದಾಗ 1,500 ಪೂರ್ತಿ ನಿಮ್ಮದು. ಬೋನಸ್ 50% ತಲುಪಿದ ಮೇಲೆ ಅದೇ 1,500 ನಿಜದಲ್ಲಿ 750. 18% ಜಿಎಸ್‌ಟಿ ಸೇರಿಸಿದರೂ 885. ಡಿಡಕ್ಟಿಬಲ್ ಮಾತ್ರ 5,000 ಹಾಗೇ ಇರುತ್ತದೆ! ಏಜೆಂಟರು ಹೇಳುವುದು ಇದಕ್ಕೆ ಉಲ್ಟಾ: "ಸರ್, ನಿಮ್ಮದು ಕ್ಲೀನ್ ರೆಕಾರ್ಡು, ಜಾಸ್ತಿ ಡಿಡಕ್ಟಿಬಲ್ ಹಾಕ್ಸಿ." ನನ್ನ ಲೆಕ್ಕದಲ್ಲಿ ರೆಕಾರ್ಡ್ ಕ್ಲೀನ್ ಆದಷ್ಟೂ ಇದರ ಲಾಭ ಕರಗುತ್ತದೆ.

ಕ್ಲೇಮ್ ಆಗಿದ್ದು ಆರನೇ ವರ್ಷ. ನಂಜನಗೂಡು ರಸ್ತೆಯಲ್ಲಿ ಸಂಜೆ ಹೊತ್ತು ದನ ಅಡ್ಡ ಬಂತು. ದನಕ್ಕೆ ಏನೂ ಆಗಲಿಲ್ಲ, ಎದ್ದು ಹೋಯಿತು. ನನ್ನ ಬಂಪರ್, ಎಡಗಡೆ ಹೆಡ್‌ಲೈಟ್, ಬಾನೆಟ್ ಹೋದವು. ಬಿಲ್ಲು ಸುಮಾರು 38,000. ಬಿಡಿಭಾಗ ಹಳೆಯದಾದದ್ದಕ್ಕೆ ಕಳೆಯುವ ಡಿಪ್ರಿಸಿಯೇಷನ್ ಬೀಳದಂತೆ ತಡೆಯುವ ಝೀರೋ ಡೆಪ್ ಆಡ್-ಆನ್ ಮೊದಲೇ ನಿಲ್ಲಿಸಿದ್ದೆ. ಹಾಗಾಗಿ ಪ್ಲಾಸ್ಟಿಕ್ ಸಾಮಾನಿಗೆ ಅರ್ಧ, ಬಾನೆಟ್ ತಗಡಿಗೆ 40% ಡಿಪ್ರಿಸಿಯೇಷನ್ ಕಳೆದರು. ಅಲ್ಲಿಗೇ 10,000 ಹೋಯಿತು. ಉಳಿದ 28,000ದಲ್ಲಿ ಕಡ್ಡಾಯದ 1,000, ನಾನೇ ಒಪ್ಪಿಕೊಂಡ 5,000 ಕಳೆದು ಕಂಪನಿ ಕೊಟ್ಟಿದ್ದು 22,000. ಕ್ಯಾಶ್‌ಲೆಸ್ ಅಂದರೆ ಬರಿಗೈಯಲ್ಲಿ ಹೋಗಿ ಗಾಡಿ ತರಬಹುದು ಅಂತ ನಮ್ಮನೆಯವರು ಅಂದುಕೊಂಡಿದ್ದರು. ಕೌಂಟರಿನಲ್ಲಿ 16,000 ಕಟ್ಟಿ ಬಂದೆವು.

ಆದರೂ ಒಟ್ಟು ನೋಡಿದರೆ ನಷ್ಟ ಆಗಿಲ್ಲ. ಆರು ಪ್ರೀಮಿಯಂಗಳಲ್ಲಿ ಉಳಿದದ್ದು ಜಿಎಸ್‌ಟಿ ಸೇರಿ ಅಂದಾಜು 7,500, ವಾಲಂಟರಿ ಅಂತ ಹೋಗಿದ್ದು 5,000. ಆ ಉಳಿತಾಯದ ಬಹುಪಾಲು ಬಂದಿದ್ದು ಬೋನಸ್ ಕಮ್ಮಿ ಇದ್ದ ಮೊದಲ ವರ್ಷಗಳಲ್ಲೇ. ಎರಡನೇ ಕ್ಲೇಮ್ ಏನಾದರೂ ಆಗಿದ್ದರೆ ಲೆಕ್ಕ ತಲೆಕೆಳಗಾಗುತ್ತಿತ್ತು, ಯಾಕೆಂದರೆ ಪ್ರತಿ ಕ್ಲೇಮ್‌ಗೂ ಇದನ್ನು ಹೊಸದಾಗಿ ಕಳೆಯುತ್ತಾರೆ.

ಸಣ್ಣಪುಟ್ಟ ಗೀರು, ಡೆಂಟ್‌ಗೆ ಇದರಿಂದ ತೊಂದರೆ ಇಲ್ಲವೇ ಅಂತ ಕೇಳುತ್ತಾರೆ. ಅವನ್ನು ಕ್ಲೇಮ್ ಮಾಡುವುದೇ ದಂಡ. 50% ಬೋನಸ್ ಸೊನ್ನೆಗೆ ಬಿದ್ದರೆ, ಅದು ಮತ್ತೆ 20, 25, 35, 45 ಅಂತ ಹತ್ತಿ 50 ಮುಟ್ಟುವಷ್ಟರಲ್ಲಿ 6,000ದ ಪ್ರೀಮಿಯಂ ಮೇಲೆ 7,500 ಜಾಸ್ತಿ ಕಟ್ಟಿರುತ್ತೀರಿ. ಬೋನಸ್ ಉಳಿಸುವ ಆಡ್-ಆನ್ ತಗೊಂಡಿದ್ದರೆ ಮಾತು ಬೇರೆ. ನಮ್ಮ ಬೀದಿಯ ಟಿಂಕರಿಂಗ್ ಅಂಗಡಿಯವರು ಒಂದು ಬಾಗಿಲಿನ ಡೆಂಟ್ ತೆಗೆದು ಪೇಂಟ್ ಹೊಡೆಯಲು ಅದರ ಅರ್ಧವೂ ಕೇಳುವುದಿಲ್ಲ.

ಈಗ ನನ್ನ ಬೋನಸ್ ಸೊನ್ನೆ. ಹಾಗಾಗಿ ಈ ರಿನ್ಯೂವಲ್‌ಗೆ 5,000 ಮತ್ತೆ ಹಾಕಿಸಿದ್ದೇನೆ, 45% ಮುಟ್ಟಿದ ವರ್ಷ ತೆಗೆಸುತ್ತೇನೆ. ಹೊಸದಾಗಿ ಓಡಿಸಲು ಕಲಿತವರು, ದಿನಾ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಾಡುವವರು ಸುಮ್ನೆ ಕಡ್ಡಾಯದ್ದಕ್ಕೇ ನಿಲ್ಲಿಸಿ. ಎರಡು ಕಂಪನಿಗಳ ಕೋಟ್ ಹೋಲಿಸುವಾಗ ಎರಡರಲ್ಲೂ ವಾಲಂಟರಿ ಮೊತ್ತ ಒಂದೇ ಇದೆಯಾ ನೋಡಿ, ಇಲ್ಲದಿದ್ದರೆ ಕಮ್ಮಿ ಅಂತ ಕಂಡ ಪ್ರೀಮಿಯಂ ನಿಜವಾಗಿ ಕಮ್ಮಿ ಇರುವುದಿಲ್ಲ.