ವಿದೇಶದ ರೈಲಿನ ನೆನಪಿಗೆ ಯಾವ ಮಾದರಿ: ಹೆಚ್‌ಓ, ಎನ್, ಪ್ಲಾರೈಲ್?

ಯುರೋಪ್, ಜಪಾನ್ ಎರಡೂ ಸುತ್ತುತ್ತೀರಿ, ನೆನಪಿಗೆ ಅಲ್ಲಿಯ ರೈಲಿನ ಪುಟ್ಟ ಮಾದರಿ ತರಬೇಕು, ಯಾವುದು ತರಲಿ ಅಂದಿರಿ. ಹಾಗಾದರೆ ಮೊದಲು ಮನೆಯ ಜಾಗ ನೋಡಿ. ಹೆಚ್‌ಓ ಅಂದರೆ 1:87 ಅಳತೆ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು), ಹಳಿಯ ಅಗಲ 16.5 ಮಿ.ಮೀ. ಬಾಗಿಲಿನ ಹಿಡಿಕೆ ಕೂಡ ಕಾಣುತ್ತದೆ. ಒಂದೇ ಎಂಜಿನ್ ಶೋಕೇಸಿನಲ್ಲಿ ಇಡುವುದಾದರೆ ಇದೇ ಚೆಂದ, ಆದರೆ ಬೆಲೆ ಜಾಸ್ತಿ. ಎನ್ ಅಳತೆ ಇನ್ನೂ ಚಿಕ್ಕದು, ಅದಕ್ಕೆ 9 ಮಿ.ಮೀ. ಹಳಿ ಸಾಕು. ಜಪಾನಿನ ಬುಲೆಟ್ ರೈಲು ಶಿಂಕಾನ್ಸೆನ್‌ನಂಥ ಉದ್ದ ರೈಲನ್ನು ಮೇಜಿನ ಮೇಲೆ ಓಡಿಸುವ ಆಸೆ ಇದ್ದರೆ ಎನ್ ತಗೊಳ್ಳಿ.

ನಮ್ಮ ಬಳ್ಳಾರಿಯಲ್ಲಿ ಧೂಳಿನದೇ ದೊಡ್ಡ ಚಿಂತೆ. ನಾಲ್ಕು ದಿನ ಬಿಟ್ಟು ಹಳಿ ಒರೆಸಿದರೆ ಬಿಳಿ ಬಟ್ಟೆಗೆ ಅದಿರಿನ ಕೆಂಪು ಗೆರೆ ಬೀಳುತ್ತದೆ. ಹೆಚ್‌ಓ, ಎನ್ ಎರಡಕ್ಕೂ ಕರೆಂಟ್ ಹಳಿಯಿಂದಲೇ ಬರಬೇಕು. ಧೂಳು ಕೂತರೆ ಎಂಜಿನ್ ತಡವರಿಸುತ್ತದೆ. ಜಪಾನಿನ ಮಕ್ಕಳ ಆಟಿಕೆ ರೈಲು ಪ್ಲಾರೈಲಿಗೆ ಈ ಕಾಟವಿಲ್ಲ. ಅದು ಬ್ಯಾಟರಿಯದು, ನೀಲಿ ಪ್ಲಾಸ್ಟಿಕ್ ಹಳಿ, ಬೆಲೆಯೂ ಕಡಿಮೆ. ಚಿಕ್ಕ ಮಕ್ಕಳಿದ್ದರೆ ನಾನಂತೂ ಇದನ್ನೇ ಹೇಳುತ್ತೇನೆ.

ಜಪಾನಿನ ಕರೆಂಟ್ 100 ವೋಲ್ಟ್, ನಮ್ಮದು 230. ಹಳಿಗೆ ಕರೆಂಟ್ ಕೊಟ್ಟು ರೈಲಿನ ವೇಗ ಹೆಚ್ಚು ಕಡಿಮೆ ಮಾಡುವ ಅಲ್ಲಿಯ ಕಂಟ್ರೋಲರ್ ಸುಮ್ನೆ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋದೀತು. ಅಡಾಪ್ಟರ್ ಮೇಲೆ 100-240 ಅಂತ ಬರೆದಿದೆಯಾ ನೋಡಿಕೊಂಡೇ ತನ್ನಿ.