ಡಿಜೆಜಿಪಿಪಿಯಲ್ಲಿ ಕೆಳಗಿನ 1 ಎಂಬಿ ಮುಟ್ಟೋಕೆ ಮೂರು ದಾರಿ: ಯಾವುದು ಎಲ್ಲಿಗೆ ಸರಿ

ಹಳೇ ಟರ್ಬೋ ಸಿಯಲ್ಲಿ ಬರೆದ ಗ್ರಾಫಿಕ್ಸ್ ಕೋಡನ್ನ ಡಿಜೆಜಿಪಿಪಿಗೆ (ಡಾಸ್‌ಗೆ 32 ಬಿಟ್ ಪ್ರೋಗ್ರಾಂ ಮಾಡಿಕೊಡೋ ಸಿ ಕಂಪೈಲರ್) ತಂದ್ರೆ ಮೊದಲು ಕೈಕೊಡೋದು ವಿಡಿಯೋ ಮೆಮೊರಿ, ಅದು ಇರೋದು ಕೆಳಗಿನ 1 ಎಂಬಿ ಒಳಗೆ, ಎ0000 (ಹೆಕ್ಸ್) ವಿಳಾಸದಲ್ಲಿ. ಟರ್ಬೋ ಸಿಯಲ್ಲಿ ಫಾರ್ ಪಾಯಿಂಟರ್ (ಸೆಗ್ಮೆಂಟ್, ಆಫ್‌ಸೆಟ್ ಎರಡೂ ಇರೋ ಪಾಯಿಂಟರ್) ಮಾಡ್ಕೊಂಡು ನೇರ ಬರೆದುಬಿಡ್ತಿದ್ವಿ, ಡಿಜೆಜಿಪಿಪಿಯಲ್ಲಿ ಪ್ರೋಗ್ರಾಂ 32 ಬಿಟ್ ಪ್ರೊಟೆಕ್ಟೆಡ್ ಮೋಡಲ್ಲಿ (ಮೆಮೊರಿಗೆ ಗಡಿ ಹಾಕಿ ಕಾಯೋ ಮೋಡ್) ಓಡುತ್ತೆ, ಅದರ ಡೇಟಾ ಸೆಗ್ಮೆಂಟಿನ ಬೇಸ್, ಅಂದ್ರೆ ಅದು ಶುರುವಾಗೋ ವಿಳಾಸ, ಸೊನ್ನೆ ಅಲ್ಲ, ಹಂಗಾಗಿ ಎ0000 ಅಂತ ಪಾಯಿಂಟರ್ ಕೊಟ್ರೆ ಅದು ಸ್ಕ್ರೀನಿಗೆ ಹೋಗಲ್ಲ, ನಮ್ಮ ಸೆಗ್ಮೆಂಟ್ ಒಳಗಿನ ಯಾವುದೋ ಜಾಗಕ್ಕೆ ಹೋಗುತ್ತೆ, ಸೆಗ್ಮೆಂಟಿನ ಗಡಿ (ಲಿಮಿಟ್) ದಾಟಿದ್ರೆ ಪ್ರೋಗ್ರಾಮೇ ಬಿದ್ದುಹೋಗುತ್ತೆ.

ಮೂರು ದಾರೀನೂ ವಿಜಿಎ ಗ್ರಾಫಿಕ್ಸ್ ಮೋಡ್ 13ಎಚ್‌ನಲ್ಲಿ ಹಾಕಿ ನೋಡಿದೆ, ಅಂದ್ರೆ 320×200, ಒಂದು ಫ್ರೇಮಿಗೆ 64,000 ಬೈಟ್.

ಫಾರ್‌ಪೀಕ್, ಫಾರ್‌ಪೋಕ್ (ಬೇರೆ ಸೆಗ್ಮೆಂಟಿನ ಒಂದೊಂದು ಜಾಗ ಓದೋ, ಬರೆಯೋ ಫಂಕ್ಷನ್‌ಗಳು) ಚಿಲ್ಲರೆ ಕೆಲಸಕ್ಕೆ ಸೊಗಸು. 46ಸಿ ವಿಳಾಸದಲ್ಲಿರೋ ಬಯಾಸ್ ಟೈಮರನ್ನ (ಸೆಕೆಂಡಿಗೆ ಸುಮಾರು 18.2 ಸಲ ಏರುತ್ತಲ್ಲ, ಅದು) ಓದೋಕೆ ಒಂದೇ ಸಾಲು ಸಾಕು, ಡಾಸ್ ಸೆಲೆಕ್ಟರ್ (ಆ ಕೆಳಗಿನ 1 ಎಂಬಿಯ ಸೆಗ್ಮೆಂಟನ್ನ ಸೂಚಿಸೋ ಸಂಖ್ಯೆ) ಜೊತೆ ವಿಳಾಸ ಕೊಟ್ರೆ ಮುಗೀತು. ಆದ್ರೆ ಇದರಲ್ಲೇ ಇಡೀ ಸ್ಕ್ರೀನ್ ತುಂಬಿಸ್ಬೇಡಿ, ಪ್ರತಿ ಪಿಕ್ಸೆಲ್‌ಗೂ ಸೆಲೆಕ್ಟರ್ ಮತ್ತೆ ಲೋಡ್ ಆಗುತ್ತೆ, ಪ್ರೊಟೆಕ್ಟೆಡ್ ಮೋಡಲ್ಲಿ ಅದು ದುಬಾರಿ. ಲೂಪಿನ ಹೊರಗೆ ಒಂದ್ಸಲ ಫಾರ್‌ಸೆಟ್‌ಸೆಲ್ ಮಾಡಿ (ಸೆಲೆಕ್ಟರ್ ಇಟ್ಟು) ಒಳಗೆ ಅದನ್ನ ಮತ್ತೆ ಲೋಡ್ ಮಾಡದ ಫಾರ್‌ಎನ್‌ಎಸ್ ಪೋಕ್ ಬಳಸಿದ್ರೆ ಎಷ್ಟೋ ವಾಸಿ.

ನನಗೆ ಒಗ್ಗಿದ್ದು ಡಾಸ್‌ಮೆಮ್‌ಪುಟ್. ನಮ್ಮದೇ ಬಫರಲ್ಲಿ ಆರಾಮಾಗಿ ಮಾಮೂಲಿ ಪಾಯಿಂಟರ್ ಇಟ್ಕೊಂಡು ಚಿತ್ರ ಬರೆದು, ಫ್ರೇಮ್ ಮುಗಿದ್ಮೇಲೆ 64,000 ಬೈಟನ್ನೂ ಒಂದೇ ಏಟಿಗೆ ಕಳಿಸೋದು. ಅರ್ಧಂಬರ್ಧ ಬರೆದ ಚಿತ್ರಾನೂ ಕಣ್ಣಿಗೆ ಬೀಳಲ್ಲ. ಒಂದು ನೆನಪಿರಲಿ, ಪುಟ್‌ನಲ್ಲಿ ಬಫರ್ ಮೊದಲು, ವಿಳಾಸ ಕೊನೆಗೆ. ಗೆಟ್‌ನಲ್ಲಿ ವಿಳಾಸ ಮೊದಲು, ಬಫರ್ ಕೊನೆಗೆ.

ಇನ್ನು ಎಲ್ಲರೂ ಮುಗಿಬೀಳೋ ನಿಯರ್ ಪಾಯಿಂಟರ್. ಎನೇಬಲ್ ಮಾಡಿ, ವಿಳಾಸಕ್ಕೆ ಕನ್ವೆನ್ಷನಲ್ ಬೇಸ್ (ಡಿಜೆಜಿಪಿಪಿ ಕೊಡೋ ಹೊಂದಾಣಿಕೆ ಸಂಖ್ಯೆ) ಕೂಡಿಸಿದ್ರೆ ಸಾದಾ ಪಾಯಿಂಟರ್ ಥರಾನೇ ಓಡುತ್ತೆ, ಹಳೇ ಕೋಡ್ ಪೋರ್ಟ್ ಮಾಡೋಕೆ ಇದಕ್ಕಿಂತ ಸುಲಭ ಇಲ್ಲ, ನಿಜ, ಆದ್ರೆ ಸೆಗ್ಮೆಂಟ್ ಲಿಮಿಟನ್ನ 4 ಜಿಬಿಗೆ ಏರಿಸಿ ಕಾವಲೇ ತೆಗೆದುಹಾಕುತ್ತೆ. ದಾರಿತಪ್ಪಿದ ಪಾಯಿಂಟರ್ ಡಾಸ್ ಮೇಲೇ ಬರೆದ್ರೂ ಯಾರೂ ತಡೆಯಲ್ಲ, ತಪ್ಪು ಇರೋದೊಂದು ಕಡೆ, ಮಷೀನ್ ಹ್ಯಾಂಗ್ ಆಗೋದು ಇನ್ನೆಲ್ಲೋ. ಎಲ್ಲಾ ಡಿಪಿಎಂಐ ಹೋಸ್ಟ್‌ಗಳೂ (ಡಾಸ್‌ನಲ್ಲಿ ಪ್ರೊಟೆಕ್ಟೆಡ್ ಮೋಡ್ ಪ್ರೋಗ್ರಾಂ ಓಡಿಸೋ ತಂತ್ರಾಂಶ) ಇದಕ್ಕೆ ಒಪ್ಪಲ್ಲ, ಎನೇಬಲ್ ಸೊನ್ನೆ ವಾಪಸ್ ಕೊಟ್ಟಿತಾ ಅಂತ ನೋಡ್ಲೇಬೇಕು. ಕೋಡ್ ಇನ್ನೂ ಬೆಳೀತಿರೋವಾಗ ದಯವಿಟ್ಟು ಇದನ್ನ ಮುಟ್ಬೇಡಿ.

ಸೆಲೆಕ್ಟರ್ ಸಹವಾಸವೇ ಬೇಡ ಅನ್ನೋರು ಓಪನ್ ವಾಟ್‌ಕಾಮ್ ಅನ್ನೋ ಇನ್ನೊಂದು ಸಿ ಕಂಪೈಲರ್ ನೋಡಿ, ಅದರ ಪ್ರೋಗ್ರಾಂಗಳನ್ನ ಓಡಿಸೋ ಡಾಸ್/4ಜಿಡಬ್ಲ್ಯೂ (ಡಾಸ್ ಎಕ್ಸ್‌ಟೆಂಡರ್) ಕೆಳಗೆ ಮೊದಲ 1 ಎಂಬಿ ಅದೇ ವಿಳಾಸದಲ್ಲೇ ಕಾಣುತ್ತೆ, ಎ0000 ಅಂದ್ರೆ ಎ0000.