ತುಮಕೂರಿನ ಸೌಂಡ್ ಬಾತ್: ಬಟ್ಟಲು ಪಾಸು, ಮಸಾಜು ಫೇಲು

ನಮ್ಮ ಎಸ್.ಎಸ್. ಪುರಂ ಕಡೆಗೂ ಸೌಂಡ್ ಬಾತ್, ಅಂದರೆ ಮಲಗಿ ನಾದ ಕೇಳುತ್ತಾ ಮೈ ಮನಸ್ಸು ಸಡಿಲ ಮಾಡಿಕೊಳ್ಳುವುದು, ಬಂದಿದೆ. ಭಾನುವಾರ ಬೆಳಿಗ್ಗೆ ಎರಡು ಗಂಟೆಯ ಸೆಷನ್, ತಲೆಗೆ 900 ರೂಪಾಯಿ. ಮೊದಲು ಧ್ಯಾನ, ಆಮೇಲೆ ಕಂಚಿನ ಬಟ್ಟಲುಗಳ ನಾದ, ಕೊನೆಗೆ ಕುತ್ತಿಗೆ, ಭುಜ, ಬೆನ್ನು ಒತ್ತಿ ಸಡಿಲ ಮಾಡುವುದು. ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರುವವರ ಕುತ್ತಿಗೆ ಯಾವ ಸ್ಥಿತಿಯಲ್ಲಿ ಇರುತ್ತದೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ನಾನು ಹೋಗಿದ್ದೇ ಆ ಕೊನೆಯ ಭಾಗಕ್ಕೆ. ದುಡ್ಡು ದಂಡ ಅನ್ನಿಸಿದ್ದೂ ಅದೇ.

ಬಟ್ಟಲಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಿಜಕ್ಕೂ ಚೆನ್ನಾಗಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದರಿಂದ ಎರಡೂ ಕೈ ಹಾಕಿ ಎತ್ತಬೇಕಾದಷ್ಟು ದೊಡ್ಡದರವರೆಗೆ ಸಾಲಾಗಿ ಇಟ್ಟಿದ್ದರು. ಬಟ್ಟೆ ಸುತ್ತಿದ ಕೋಲಿನಿಂದ ತಟ್ಟಿದರೆ ಒಂದು ಥರ ಸದ್ದು, ಮರದ ಕೋಲನ್ನು ಅಂಚಿನ ಸುತ್ತ ಉಜ್ಜುತ್ತಾ ಹೋದರೆ ಬಿಡದೆ ಹಾಡುವ ಇನ್ನೊಂದು ಥರ ಸದ್ದು. ಒಂದೇ ಬಟ್ಟಲಿನಿಂದ ವೂಂ... ವೂಂ... ಅಂತ ಅಲೆ ಅಲೆಯಾಗಿ ಬರುತ್ತದಲ್ಲ, ಅದರಲ್ಲಿ ಮಂತ್ರ ಏನೂ ಇಲ್ಲ. ಕೈಯಲ್ಲಿ ಬಡಿದು ಮಾಡಿದ ಬಟ್ಟಲು ಪೂರ್ತಿ ಗುಂಡಗೆ ಇರುವುದಿಲ್ಲ, ಹಾಗಾಗಿ ಒಂದೇ ಏಟಿಗೆ ತೀರಾ ಹತ್ತಿರ ಹತ್ತಿರದ ಎರಡು ಸ್ವರ ಹುಟ್ಟಿ, ಅವು ಒಮ್ಮೆ ಕೂಡಿಕೊಂಡು ಇನ್ನೊಮ್ಮೆ ಒಂದನ್ನೊಂದು ಅಳಿಸುತ್ತಾ ಸದ್ದು ಏರಿ ಇಳಿಯುತ್ತದೆ. ತಂಬೂರಿ ಶ್ರುತಿ ಮಾಡುವವರಿಗೆ ಇದು ದಿನದ ಕೆಲಸ.

ನಡೆಸಿಕೊಡುವ ಮೇಡಂಗೆ ಕೈ ಒಲಿದಿದೆ. ಒಂದು ಸದ್ದು ಪೂರ್ತಿ ಆರುವವರೆಗೆ ಕಾಯುತ್ತಾರೆ, ಸುಮ್ನೆ ಬಾರಿಸುತ್ತಾ ಹೋಗುವುದಿಲ್ಲ. ಗಾಂಗ್, ಅಂದರೆ ಜಾಗಟೆಯಂಥ ದೊಡ್ಡ ಲೋಹದ ತಟ್ಟೆ, ಅದರ ಸದ್ದು ಮಾತ್ರ ಎದೆಗೇ ಬಡಿಯುತ್ತದೆ. ಅದರ ಪಕ್ಕ ಚಾಪೆ ಹಾಕಬೇಡಿ, ಮೈ ಸಡಿಲ ಆಗುವ ಬದಲು ಬೆಚ್ಚಿ ಬೀಳುತ್ತೀರಿ.

ಇಷ್ಟು ಚೆನ್ನಾಗಿ ಬಾರಿಸುವವರು ಮಾತು ಸ್ವಲ್ಪ ಕಡಿಮೆ ಮಾಡಬಾರದಾ ಅನ್ನಿಸಿತು. ಬಟ್ಟಲಿನಲ್ಲಿ ಏಳು ಲೋಹ ಇದೆಯಂತೆ, ಒಂದೊಂದು ಲೋಹ ಮೈಯ ಒಂದೊಂದು ಚಕ್ರಕ್ಕಂತೆ. ಇಂಥ ಬಟ್ಟಲುಗಳನ್ನು ಪರೀಕ್ಷೆ ಮಾಡಿದಾಗ ಸಿಕ್ಕಿರುವುದು ಹೆಚ್ಚಾಗಿ ತಾಮ್ರ ಮತ್ತು ತವರ, ಅಂದರೆ ನಮ್ಮ ಕಂಚು. ಗೋಡೆಯ ಮೇಲೆ ಥೈರಾಯ್ಡ್, ಶುಗರ್ ಕೂಡ ಹತೋಟಿಗೆ ಬರುತ್ತದೆ ಅಂತ ಬೋರ್ಡ್ ಬೇರೆ. ಅದನ್ನು ನಂಬಿ ಯಾರೂ ಮಾತ್ರೆ ಬಿಡಬೇಡಿ ದಯವಿಟ್ಟು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 62 ಜನರನ್ನು ಬಟ್ಟಲಿನ ನಾದದಲ್ಲಿ ಧ್ಯಾನ ಮಾಡಿಸಿ ನೋಡಿದ್ದರು. ಟೆನ್ಶನ್, ಸುಸ್ತು ಕಡಿಮೆ ಆಯಿತು ಅಂತಲೇ ಬಂತು. ಆದರೆ ಹೋಲಿಸಿ ನೋಡೋಕೆ ಬಟ್ಟಲಿಲ್ಲದೆ ಸುಮ್ನೆ ಮಲಗಿದ ಇನ್ನೊಂದು ಗುಂಪು ಅಲ್ಲಿ ಇರಲಿಲ್ಲ. ಒಂದು ಗಂಟೆ ಮೊಬೈಲ್ ಇಲ್ಲದೆ, ಯಾರೂ ಕರೆಯದೆ ಬಿದ್ದುಕೊಂಡರೆ ಯಾರಿಗಾದರೂ ಹಗುರ ಅನ್ನಿಸುತ್ತದೆ, ಅಲ್ವಾ? ನನಗೆ ಹಗುರ ಅನ್ನಿಸಿತು, ಅಷ್ಟು ಸಾಕು.

ಧ್ಯಾನ ಪರವಾಗಿಲ್ಲ. ಕಾಲ್ಬೆರಳಿಂದ ನೆತ್ತಿವರೆಗೆ ಗಮನ ತರುವುದು, ಯೋಗ ನಿದ್ರೆ ಮಾಡಿದವರಿಗೆ ಹೊಸದಲ್ಲ. ಪೂರ್ತಿ ಇಂಗ್ಲಿಷ್‌ನಲ್ಲಿ ಹೇಳುತ್ತಾರೆ. ನನ್ನ ಪಕ್ಕದ ಆಂಟಿ ಕಣ್ಣು ಮುಚ್ಚುವುದು ಬಿಟ್ಟು, ಬೇರೆಯವರು ಏನು ಮಾಡುತ್ತಿದ್ದಾರೆ ಅಂತ ನೋಡುತ್ತಲೇ ಇದ್ದರು. ತುಮಕೂರಿನಲ್ಲಿ ಕನ್ನಡದಲ್ಲಿ ಹೇಳೋಕೆ ಏನು ಕಷ್ಟ?

ಇನ್ನು ಮಸಾಜು. ಹಾಲ್ ತುಂಬಾ ಇಪ್ಪತ್ತರ ಹತ್ತಿರ ಜನ, ಒತ್ತುವವರು ಇಬ್ಬರು. ಲೆಕ್ಕ ನೀವೇ ಹಾಕಿ. ಗಂಟು ಎಲ್ಲಿದೆ ಅಂತ ಬೆರಳಿಗೆ ಸಿಗುವ ಹೊತ್ತಿಗೆ ಅವರು ಮುಂದಿನ ಚಾಪೆಗೆ ಹೋಗಿರುತ್ತಾರೆ. ಉಳಿದ ಸಮಯ ತುಂಬಿಸೋಕೆ ಜೋಡಿ ಮಾಡಿಕೊಂಡು ಒಬ್ಬರ ಭುಜ ಇನ್ನೊಬ್ಬರು ಒತ್ತಿ ಅಂದರು. ನನಗೆ ಸಿಕ್ಕಿದ ಅಂಕಲ್ ಪಾಪ ಒಳ್ಳೆಯವರೇ, ಆದರೆ ರಾಗಿ ಮುದ್ದೆ ತಿರುವಿದ ಹಾಗೆ ತಿರುವಿದರು. ದುಡ್ಡು ಕೊಟ್ಟು ಬಂದ ಗಿರಾಕಿಗಳೇ ಒಬ್ಬರನ್ನೊಬ್ಬರು ಒತ್ತಿಕೊಳ್ಳಬೇಕು ಅಂದರೆ ಏನು ಹೇಳುವುದು. ಹೆಂಗಸರ ಕಡೆಗೆ ಹೆಂಗಸೇ ಹೋಗುತ್ತಿದ್ದರು, ಅದೊಂದು ಒಳ್ಳೆಯದು.

ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಮುಟ್ಟುವ ಮೊದಲು ಯಾರೂ ಒಂದು ಮಾತು ಕೇಳಲಿಲ್ಲ. ಬಿಪಿ ಇದೆಯಾ, ಆಪರೇಷನ್ ಆಗಿದೆಯಾ, ಪೇಸ್‌ಮೇಕರ್ ಇದೆಯಾ, ಗರ್ಭಿಣಿನಾ, ಫಿಟ್ಸ್ ಬರುತ್ತದಾ, ಏನೂ ಇಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರ ಮೀನಖಂಡ ಒತ್ತಿದರೆ ಆ ಗಡ್ಡೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು, ಇದು ತಮಾಷೆ ಅಲ್ಲ. ಒಂದು ಹಾಳೆಯ ಫಾರಂ ಸಾಕಿತ್ತು. ಮುಟ್ಟುವುದು ಬೇಡ ಅನ್ನುವವರು ಚಾಪೆಯ ಪಕ್ಕ ಇಟ್ಟುಕೊಳ್ಳೋಕೆ ಒಂದು ಚೀಟಿ ಕೊಟ್ಟಿದ್ದರೂ ಆಗುತ್ತಿತ್ತು.

ಫಾರಂ ಇಲ್ಲವೇ ಇಲ್ಲ ಅಂತಲ್ಲ, ಕೊನೆಗೆ ಒಂದು ಬಂತು, ಪ್ಯಾಕೇಜಿನದು. ದೇವರಾಯನದುರ್ಗದ ಕಡೆ ಇಡೀ ದಿನದ ಶಿಬಿರ, 4,500 ರೂಪಾಯಿ, ಈಗಲೇ ಬುಕ್ ಮಾಡಿದರೆ ರಿಯಾಯಿತಿ. ಅರ್ಧ ನಿದ್ದೆಯಲ್ಲಿರುವವರ ಕೈಗೆ ಪೆನ್ನು ಕೊಡುವುದು ಯಾವ ನ್ಯಾಯ ಸ್ವಾಮಿ? ಇಬ್ಬರು ಮೂವರು ಅಲ್ಲೇ ಬರೆದೂ ಕೊಟ್ಟರು. ರಸೀದಿ ಕೇಳಿದ್ದಕ್ಕೆ ಫೋನ್‌ಪೇ ಮೆಸೇಜ್ ಬಂದಿದೆಯಲ್ಲ ಅಂದರು.

ಹೋಗಬೇಡಿ ಅನ್ನುವುದಿಲ್ಲ. ಬುಧವಾರ ಸಂಜೆ ಬಟ್ಟಲು ಮಾತ್ರದ ಸೆಷನ್ ಇದೆ, 400 ರೂಪಾಯಿ, ಅದಕ್ಕೆ ಹೋಗಿ. ಕುತ್ತಿಗೆ ನೋವಿಗೆ ಉಳಿದ 500 ಇಟ್ಟುಕೊಂಡು ಫಿಸಿಯೋ ಹತ್ತಿರ ತೋರಿಸಿ. ನೆಲ ಗ್ರಾನೈಟು, ಅವರು ಕೊಡುವ ಮ್ಯಾಟ್ ತೆಳು, ಮನೆಯಿಂದ ದಪ್ಪನೆಯ ಜಮಖಾನ ತನ್ನಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುತ್ತಾರೆ, ಕೇಳಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬಂದ ಒಬ್ಬರು ಗಾಂಗ್‌ಗಿಂತ ಜೋರಾಗಿ ಗೊರಕೆ ಹೊಡೆದರು. ಬೈಕ್ ಕೆಳಗೆ ನಿಲ್ಲಿಸಬಹುದು, ಕಾರಿಗೆ ಜಾಗ ಇಲ್ಲ.